ಕೊಲ್ಲಮೊಗ್ರಿನ ಜೀಪಿನಲ್ಲಿ ಕುಂಬ್ರದ ಇಲಿ

ಇಲಿಗಳ ವಿಷಯದಲ್ಲಿ ನನಗೆ ತಿಳಿಯದೆ ಇರುವುದು ಈ ಭೂಮಿಯ ಮೇಲೆ ಇನ್ನೇನೂ ಉಳಿದಿಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆ ನಂಬಿಕೆ ಕಳೆದ ಬೇಸಿಗೆಯ ರಜೆಯವರೆಗೂ ಸುಖವಾಗಿಯೇ ಬಾಳಿತು.

ನಂಬಿಕೆಗೆ ಆಧಾರ ಇಲ್ಲದೆ ಇರಲಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಇಲಿಗಳ ವರ್ತನೆಯ ಮೇಲೆ ಸಂಶೋಧನೆ ಮಾಡುವವಳು. ಪ್ರಬಂಧದ ಶೀರ್ಷಿಕೆಯನ್ನು ಪೂರ್ತಿ ಹೇಳಿದರೆ ಕೇಳುವವರು ಗಡಿಯಾರ ನೋಡಿಕೊಳ್ಳುತ್ತಾರೆ. ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಹಾರ್ಮೋನು ಎಂಬುದು ಕೀಲಿಕೈ ಇದ್ದಂತೆ. ಅದು ತಿರುಗಬೇಕಾದರೆ ಮಿದುಳಿನಲ್ಲಿ ಒಂದು ಬೀಗ ಬೇಕು. ಆ ಬೀಗವನ್ನೇ ನಾವು ಗ್ರಾಹಿ ಎನ್ನುತ್ತೇವೆ. ಈಗ ಒಂದೇ ಬೀಗವನ್ನು ಬೇರೆ ಬೇರೆ ತಳಿಯ ಎರಡು ಇಲಿಗಳಲ್ಲಿ ಕಿತ್ತುಹಾಕಿದಿರಿ ಎಂದುಕೊಳ್ಳಿ. ಒಂದು ತಳಿಯ ತಾಯಿ ತನ್ನ ಮರಿಗಳನ್ನೇ ಮರೆತು ಮೂಲೆಯಲ್ಲಿ ಕೂರಬಹುದು. ಇನ್ನೊಂದು ತಳಿಯ ತಾಯಿ ಏನೂ ಆಗದವಳಂತೆ ಸಂಸಾರ ನಡೆಸಿಕೊಂಡು ಹೋಗಬಹುದು. ಬೀಗ ಒಂದೇ, ಕಿತ್ತ ಕೈಯೂ ಒಂದೇ. ಫಲ ಮಾತ್ರ ಬೇರೆ. ಏಕೆಂದರೆ ಆ ಬೀಗದ ಸುತ್ತ ಇರುವ ಉಳಿದೆಲ್ಲ ಜೀನುಗಳ ಹಿನ್ನೆಲೆ, ಅಂದರೆ ಇಲಿಯ ಮನೆತನ, ಬೇರೆ.

ಈ ಸತ್ಯವನ್ನು ಜನರಿಗೆ ಮುಟ್ಟಿಸುವುದು ನನ್ನ ಕರ್ತವ್ಯವೆಂದು ತಿಳಿದು, ಕಡಬದ ಒಂದು ಕಾಲೇಜಿನವರು ಕರೆದಾಗ ರಜೆಯಲ್ಲಿಯೂ ಭಾಷಣಕ್ಕೆ ಹೋದೆ.

"ಇಲಿಯಲ್ಲಿ ಸಾಬೀತಾಗಿದೆ ಎಂದು ಹೇಳಿ ನಮಗೆ ಮಾತ್ರೆ ಮಾರುವವರಿದ್ದಾರೆ, ಪುಡಿ ಮಾರುವವರಿದ್ದಾರೆ, ಲೇಖನ ಮಾರುವವರಿದ್ದಾರೆ! ಅವರನ್ನು ನಾವು ಕೇಳಬೇಕು. ಯಾವ ಇಲಿ? ಯಾವ ತಳಿ? ತಳಿಯನ್ನು ಹೇಳದೆ ಫಲವನ್ನು ಮಾತ್ರ ಹೇಳಿದರೆ, ಅದು ತಪ್ಪಾದ ದಿನ ಇದಕ್ಕೆ ಜವಾಬ್ದಾರರು ಯಾರು?" ಎಂದು ಮೇಜು ಗುದ್ದಿದೆ. ನೀರಿನ ಲೋಟ ಪ್ರಾಂಶುಪಾಲರ ಮಡಿಲಿಗೆ ಉರುಳಿತು. ಅವರು ಎದ್ದು ನಿಂತರು. ಪ್ರಾಂಶುಪಾಲರೇ ಎದ್ದು ನಿಂತರೆಂದು ಸಭೆಯೂ ಎದ್ದು ಚಪ್ಪಾಳೆ ತಟ್ಟಿತು!

ಅಂದು ಹೇಳಿದ ಮಾತಿನ ಒಂದಕ್ಷರವನ್ನೂ ನಾನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ತೊಂದರೆ ಶುರುವಾದದ್ದು ಭಾಷಣದಿಂದಲ್ಲ, ಪ್ರಶ್ನೋತ್ತರದಿಂದ.

ಪ್ರಶ್ನೆ ಕೇಳಿದವರು ಮೊದಲ ಸಾಲಿನಲ್ಲಿ ಕುಳಿತಿದ್ದ ನನ್ನ ಸ್ವಂತ ಸೋದರಮಾವ. ತಿಮ್ಮಪ್ಪ ಮಾವ ಕೊಲ್ಲಮೊಗ್ರಿನವರು. ಅವರಲ್ಲಿ ಒಂದು ಜೀಪು ಉಂಟು. ಗುಡ್ಡದ ಮೇಲಿನ ಮನೆಗಳ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಇಳಿಸಿ, ಸಂಜೆ ಮತ್ತೆ ಮೇಲೆ ಹತ್ತಿಸುವುದು ಆ ಜೀಪಿನ ಕೆಲಸ. ನನ್ನನ್ನು ಕೊಲ್ಲಮೊಗ್ರಿಗೆ ಕರೆದುಕೊಂಡು ಹೋಗಲಿಕ್ಕೆಂದು ಬಂದಿದ್ದ ಮಾವ ಕೈ ಎತ್ತಿ ಎದ್ದು ನಿಂತರು.

"ನನ್ನ ಜೀಪಿನ ಡ್ಯಾಶ್‌ಬೋರ್ಡಿನ ಒಳಗೆ ಒಬ್ಬರು ಇದ್ದಾರೆ. ಮರಿ ಹಾಕಿದ್ದಾರೆ. ವಯರೆಲ್ಲ ತಿಂತಾರೆ. ಅವರು ಯಾವ ಮನೆತನದವರು? ಅವರನ್ನು ಎಬ್ಬಿಸ್ಲಿಕ್ಕೆ ನಿನ್ನ ಹಾರ್ಮೋನಿನಲ್ಲಿ ಎಂತಾದ್ರೂ ದಾರಿ ಉಂಟಾ?"

ಸಭೆ ನಕ್ಕಿತು. ಆಗ ನಾನು ಕೊಡಬೇಕಾಗಿದ್ದ ಉತ್ತರ 'ಗೊತ್ತಿಲ್ಲ' ಎಂಬ ಒಂದೇ ಪದ. ಆದರೆ ಆಗಷ್ಟೇ ಚಪ್ಪಾಳೆ ತಿಂದ ನಾಲಿಗೆ ಆ ಪದಕ್ಕೆ ಹೊರಳಲಿಲ್ಲ.

"ಒಮ್ಮೆ ನೋಡಿದರೆ ಹೇಳಬಹುದು," ಎಂದೆ.

ಮತ್ತೆ ಚಪ್ಪಾಳೆ!

ದಾರಿಯುದ್ದಕ್ಕೂ ಮಾವ ಇಲಿಯ ಸುದ್ದಿ ಎತ್ತಲಿಲ್ಲ. ನಾನೇ ಎತ್ತಿದರೆ "ಶ್" ಎಂದು ಡ್ಯಾಶ್‌ಬೋರ್ಡಿನತ್ತ ಕಣ್ಣು ತೋರಿಸಿದರು. ಮನೆ ತಲುಪಿ, ಜೀಪನ್ನು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ, ನನ್ನನ್ನು ಬಾವಿಕಟ್ಟೆಯ ಆಚೆಗೆ ಕರೆದೊಯ್ದು, ಅಲ್ಲಿ ಬಾಯಿ ಬಿಟ್ಟರು. ಶಾಲೆ ತೆರೆಯುವ ಮೊದಲು ಜೀಪನ್ನು ಪುತ್ತೂರಿಗೆ ಕೊಂಡುಹೋಗಿ, ಅಧಿಕಾರಿಗಳಿಗೆ ತೋರಿಸಿ, ಇದು ರಸ್ತೆಗೆ ಯೋಗ್ಯ ಎಂಬ ಎಫ್‌ಸಿ ಪತ್ರ ಪಡೆಯಬೇಕು. ದೀಪ ಉರಿಯಬೇಕು, ಹಾರ್ನ್ ಕೂಗಬೇಕು, ವೈಪರ್ ಆಡಬೇಕು. ಮಾವ ಒಮ್ಮೆ ವಯರುಗಳನ್ನೆಲ್ಲ ಹೊಸದು ಹಾಕಿಸಿಯಾಗಿತ್ತು. ಅದರಲ್ಲಿ ಆಗಲೇ ಹಲ್ಲಿನ ಗುರುತು ಕಾಣುತ್ತಿತ್ತು.

"ಎಫ್‌ಸಿ ಸಿಗದಿದ್ರೆ ಮಕ್ಕಳು ಮಳೆಯಲ್ಲಿ ನಡೆಯುದು, ನಾನು ಜಗಲಿಯಲ್ಲಿ ಕೂರುದು. ಅಷ್ಟೇ," ಎಂದರು ಮಾವ.

"ವಿಷ ಇಡಬಹುದಲ್ಲ?"

"ಗಣಪತಿಯ ವಾಹನ, ಅದೂ ಬಾಣಂತಿ. ಅಲ್ಲದೆ ಒಳಗೆ ಸತ್ತರೆ ಆ ವಾಸನೆಗೆ ಯಾವ ಮಗು ಜೀಪು ಹತ್ತುದು?"

"ಬೋನು?"

"ಬೋನಿನ ಕೊಬ್ಬರಿ ಮಾತ್ರ ಹೋಗ್ತದೆ. ಅವರು ಹೋಗುದಿಲ್ಲ."

ಇಲ್ಲಿ ಒಂದು ವಿಷಯ ಹೇಳಬೇಕು. ಮಾವನ ಮನೆಯಲ್ಲಿ ಇಲಿಯನ್ನು ಇಲಿ ಎನ್ನುವ ಕ್ರಮವಿಲ್ಲ. 'ಅವರು' ಎನ್ನುವುದೇ ಕ್ರಮ. ಮತ್ತು ಅವರನ್ನು ಓಡಿಸುವ ಉಪಾಯವನ್ನು ಅವರ ಕಿವಿಗೆ ಬೀಳುವಲ್ಲಿ ಆಡುವಂತಿಲ್ಲ. ಆಡಿದರೆ ಅವರಿಗೆ ಕೇಳುತ್ತದೆ, ಉಪಾಯ ಕೆಡುತ್ತದೆ. ಬೋನಿಡಬೇಕಾದರೆ ಮಾವನ ಹೆಂಡತಿ ಲಲಿತತ್ತೆ ಮಾವನಿಗೆ ಕಣ್ಣಿನಲ್ಲೇ ಹೇಳುತ್ತಾರೆ. ಮಾವ ತೋಟದ ಕಡೆಗೆ ಹೋದವರಂತೆ ನಟಿಸಿ, ಬಳಸು ದಾರಿಯಲ್ಲಿ ಬಂದು ಬೋನಿಡುತ್ತಾರೆ!

ವಿಶ್ವವಿದ್ಯಾಲಯದಲ್ಲಿ ಓದಿದ ನಾನು ಇದನ್ನು ಸಹಿಸುವುದುಂಟೇ? ನೇರವಾಗಿ ಜೀಪಿನ ಮುಂದೆ ಹೋಗಿ, ಬಾನೆಟ್ಟಿನ ಮೇಲೆ ಕೈಯಿಟ್ಟು, ಸಭಾಂಗಣಕ್ಕೆ ಕೇಳುವ ಧ್ವನಿಯಲ್ಲಿ ನನ್ನ ಯೋಜನೆಯನ್ನು ಘೋಷಿಸಿದೆ.

"ಅತ್ತೆ, ಈ ತಾಯಿ ಇಲಿಯ ಮಾತೃತ್ವವನ್ನು ನಡೆಸುವುದು ಹಾರ್ಮೋನು. ಸೋಯಾದಲ್ಲಿ ಸ್ತ್ರೀ ಹಾರ್ಮೋನನ್ನು ಹೋಲುವ ಒಂದು ವಸ್ತು ಉಂಟು. ಅದು ಹೋಗಿ ಆ ಹಾರ್ಮೋನಿನ ಬೀಗದಲ್ಲಿ ಕೂರುತ್ತದೆ. ನಕಲಿ ಕೀಲಿಕೈ! ಇಲಿ ಶಾಂತವಾಗುತ್ತದೆ, ಗೂಡು ಕಟ್ಟುವ ಹಟ ಬಿಡುತ್ತದೆ, ತಾನಾಗಿ ಹೊರಟುಹೋಗುತ್ತದೆ. ಹಿಂಸೆಯಿಲ್ಲ, ವಾಸನೆಯಿಲ್ಲ."

"ಮೆಲ್ಲ ಹೇಳು ಮಾರಾಯ್ತಿ, ಅವರಿಗೆ ಕೇಳ್ತದೆ!" ಎಂದು ಅತ್ತೆ ನನ್ನ ಬಾಯಿ ಮುಚ್ಚಲು ಬಂದರು.

"ಕೇಳಲಿ! ವಿಜ್ಞಾನಕ್ಕೆ ಗುಟ್ಟಿಲ್ಲ."

"ನಕಲಿ ಕೀಲಿಕೈ ಹಾಕಿದ್ರೆ ಬೀಗ ಹಾಳಾಗುದಿಲ್ವಾ? ಇವರ ಜೀಪಿಗೆ ಅಸಲಿಯೇ ಸರಿಯಾಗಿ ತಿರುಗುದಿಲ್ಲ."

ನಾನು ಜೀಪಿನ ಸಾಮಾನು ಇಡುವ ಡಬ್ಬಿಯ ಮುಚ್ಚಳ ಎಳೆದೆ. ಒಳಗೆ, ಹಳೆಯ ಒರೆಸುವ ಬಟ್ಟೆ, ಹಗ್ಗದ ನಾರು ಮತ್ತು ಯಾರೋ ಮಗುವಿನ ರಿಬ್ಬನ್ನಿನಿಂದ ಕಟ್ಟಿದ ದುಂಡನೆಯ ಗೂಡು. ಅದರ ಅಂಚಿನಲ್ಲಿ ಎರಡು ಕಪ್ಪು ಕಣ್ಣು. ಅವು ನನ್ನನ್ನು ನೋಡಿದವು. ಓಡಲಿಲ್ಲ. ಹಲ್ಲು ತೋರಿಸಲಿಲ್ಲ.

"ಸಾಧು ತಳಿ," ಎಂದು ನಾನು ತೀರ್ಪು ಕೊಟ್ಟೆ. "ಇಂಥವರು ಬೇಗ ಬಗ್ಗುತ್ತಾರೆ."

ಯಾವ ಆಧಾರದ ಮೇಲೆ? ಬೂದು ಮಿಶ್ರಿತ ಕಂದು ಬಣ್ಣ ಮತ್ತು ಒಂದು ನೋಟ. ಇನ್ನೊಬ್ಬ ಸಂಶೋಧಕ ಇಷ್ಟು ನೋಡಿ ಇಷ್ಟು ಹೇಳಿದ್ದರೆ ನಾನು ಅವನ ಮೇಲೆ ನಾಲ್ಕು ಪುಟದ ಖಂಡನೆ ಬರೆಯುತ್ತಿದ್ದೆ!

ಪೇಟೆಯ ಅಂಗಡಿಯಿಂದ ಸೋಯಾ ಉಂಡೆಗಳ ಪೊಟ್ಟಣಗಳು ಬಂದವು. ಅತ್ತೆ ಬೇಯಿಸಿದರು. ಬರಿದೇ ಬೇಯಿಸಿದ್ದನ್ನು ಯಾರು ತಿನ್ನುವುದು ಎಂದು ಒಂದಿಷ್ಟು ತೆಂಗಿನೆಣ್ಣೆ ಮತ್ತು ಉಪ್ಪು ಸೇರಿಸಿದರು. ಇದು ನನ್ನ ಪ್ರಯೋಗದ ವಿಧಾನದಲ್ಲಿ ಇರಲಿಲ್ಲ. ಬಟ್ಟಲನ್ನು ಗೂಡಿನ ಪಕ್ಕದಲ್ಲಿಟ್ಟು ಮುಚ್ಚಳ ಹಾಕಿದೆ.

ಮರುದಿನ ಬಟ್ಟಲು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅದರ ಮರುದಿನವೂ ಹಾಗೆಯೇ. "ಔಷಧ ಹಿಡಿಯುತ್ತಿದೆ," ಎಂದೆ. ವಾರ ಕಳೆಯುವಷ್ಟರಲ್ಲಿ ಡಬ್ಬಿಯ ಮುಚ್ಚಳ ಹಾಕಿದರೆ ನಿಲ್ಲದೆ ತಾನಾಗಿ ಕೆಳಗೆ ಬೀಳತೊಡಗಿತು. ಏಕೆಂದರೆ ಗೂಡು ಈಗ ಮೊದಲಿನ ಗೂಡಾಗಿರಲಿಲ್ಲ. ಅದಕ್ಕೆ ಮೇಲೊಂದು ಮಾಡು ಬಂದಿತ್ತು. ಒಳಮನೆ, ಹೊರಮನೆ ಆಗಿತ್ತು. ಡ್ರೈವರ್ ಸೀಟಿನ ಸ್ಪಂಜನ್ನು ಕಿತ್ತು ಹಾಸಿಗೆ ಹಾಕಿಯಾಗಿತ್ತು. ಮರಿಗಳು ನನ್ನ ಹೆಬ್ಬೆರಳಿನಷ್ಟು ದಪ್ಪವಾಗಿದ್ದವು. ತಾಯಿಯ ಮೈ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು.

ಅತ್ತೆ ಬಗ್ಗಿ ನೋಡಿ, ಸೊಂಟಕ್ಕೆ ಕೈಯಿಟ್ಟು ಹೇಳಿದರು: "ನೀನು ಅವರನ್ನು ಓಡಿಸಿದ್ದಲ್ಲ. ಬಾಣಂತನ ಮಾಡಿದ್ದು!"

"ಇದು ತಾತ್ಕಾಲಿಕ ಪರಿಣಾಮ..."

"ಎಂತ ತಾತ್ಕಾಲಿಕ? ನನ್ನ ಬಾಣಂತನಕ್ಕೆ ನಿನ್ನ ಅಜ್ಜಿ ಇಷ್ಟು ಮಾಡ್ಲಿಲ್ಲ. ಎರಡು ಹೊತ್ತು ಬಿಸಿ ಬಿಸಿ ಸೋಯಾ! ಇನ್ನು ಮೈಗೆ ಎಣ್ಣೆ ಹಾಕಿ ಮೀಯಿಸುದೊಂದು ಬಾಕಿ."

ಅಲ್ಲಿಗೆ ಅತ್ತೆಯ ಪಕ್ಷವೂ ಬದಲಾಯಿತು. ಬಾಣಂತಿ ಎಂಬ ಮಾತು ಒಮ್ಮೆ ಬಾಯಿಂದ ಹೊರಟ ಮೇಲೆ ಅವರಿಗೆ ಇಲಿಯ ಮೇಲೆ ಕೈಯೆತ್ತಲಾಗಲಿಲ್ಲ. ನಾನು ಸೋಯಾ ನಿಲ್ಲಿಸಿದರೂ ಅವರು ನಿಲ್ಲಿಸಲಿಲ್ಲ.

ನಿಜವಾದ ವಿಜ್ಞಾನಿ ಸೋಲಿನಿಂದ ಕಲಿಯುತ್ತಾನೆ. ನಾನೂ ಕಲಿತೆ. ಏನು ಕಲಿತೆನೆಂದರೆ, ತಪ್ಪು ಇಲಿಯದು! ಪ್ರಯೋಗಾಲಯದಲ್ಲಿ ತಲೆತಲಾಂತರದಿಂದ ಸಾಕಿದ ತಳಿಗೆ ಆಗುವುದು ಕಾಡಂಚಿನ ಕೊಲ್ಲಮೊಗ್ರಿನ ತಳಿಗೆ ಆಗಲಿಲ್ಲ. ಅಂದರೆ ನನ್ನ ಸಿದ್ಧಾಂತವೇ ಗೆದ್ದಿತಲ್ಲವೇ? ಈ ಗೆಲುವಿನ ಸುದ್ದಿ ಹೇಳಲು ಬಾವಿಕಟ್ಟೆಯ ಬಳಿ ಹೋದಾಗ ಮಾವ ಬೀಡಿ ಹಚ್ಚುತ್ತಿದ್ದರು.

"ಅಂದ್ರೆ, ನಿನ್ನ ಭಾಷಣದಲ್ಲಿ ಹೇಳಿದ್ದು ಸರಿ," ಎಂದರು ಮಾವ ನಿಧಾನವಾಗಿ.

"ನೂರಕ್ಕೆ ನೂರು ಸರಿ!"

"ಮತ್ತೆ ನನ್ನ ಜೀಪು?"

ನಾನು ಎರಡನೆಯ ಯೋಜನೆಯನ್ನು ಮಂಡಿಸಿದೆ. ಹಾಲೂಡಿಸುವ ತಾಯಿಯ ಗೂಡಿನ ಬಳಿಗೆ ಅಪರಿಚಿತ ಗಂಡು ಇಲಿಯೊಂದು ಬಂದರೆ, ಗಟ್ಟಿ ತಳಿಯ ತಾಯಿ ಮೇಲೆ ಬಿದ್ದು ಕಚ್ಚುತ್ತಾಳೆ. ಸಾಧು ತಳಿಯವಳು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತಾಳೆ. ಇವಳು ಸಾಧು ತಳಿ ಎಂಬುದು ಆಗಲೇ ನಿರ್ಧಾರವಾಗಿರುವ ಸಂಗತಿ. ಯಾರು ನಿರ್ಧರಿಸಿದ್ದು ಎಂದು ಯಾರೂ ಕೇಳಲಿಲ್ಲ. ಎಲ್ಲರನ್ನೂ ಪ್ರಶ್ನಿಸುವ ನಾನೂ ಕೇಳಲಿಲ್ಲ!

"ಗಂಡು ಎಲ್ಲಿಂದ ತರುದು?" ಎಂದರು ಮಾವ.

"ಇಲ್ಲಿಯದು ಆಗದು, ನೆಂಟಸ್ತಿಕೆ ಇರುತ್ತದೆ. ಪೂರ್ಣವಾಗಿ ಬೇರೆ ಹಿನ್ನೆಲೆಯದು ಬೇಕು. ನಮ್ಮ ಕುಂಬ್ರದಿಂದ ತರುತ್ತೇನೆ."

ಮಾವ ಬೀಡಿಯನ್ನು ಅರ್ಧದಲ್ಲೇ ಆರಿಸಿದರು. ಅವರ ಮುಖದಲ್ಲಿದ್ದದ್ದು ಗೌರವವೆಂದು ನಾನು ಭಾವಿಸಿದೆ.

ಕುಂಬ್ರ ನನ್ನ ಅಪ್ಪನ ಊರು, ನಾನು ಹುಟ್ಟಿ ಬೆಳೆದ ಮನೆ ಇರುವುದೂ ಅಲ್ಲಿಯೇ. ಮಾವನ ತಂಗಿ, ಅಂದರೆ ನನ್ನ ಅಮ್ಮ, ಮದುವೆಯಾಗಿ ಅಲ್ಲಿಗೆ ಬಂದವರು. ನಮ್ಮ ಅಡಿಕೆ ಕೋಣೆಯಲ್ಲಿ ಬೋನಿಟ್ಟು ಒಂದು ಗಂಡು ಇಲಿಯನ್ನು ಹಿಡಿದೆ. ಅಪ್ಪನಿಗೆ ಸಂತೋಷವೋ ಸಂತೋಷ.

"ಒಂದೇ ಸಾಕಾ? ಬೇಕಾದ್ರೆ ಇನ್ನೂ ಉಂಟು. ನಮ್ಮವರು ಒಳ್ಳೆಯವರು, ಯಾರಿಗೂ ತೊಂದರೆ ಕೊಡುವವರಲ್ಲ," ಎಂದು ಮಗನ ಮದುವೆಗೆ ಒಪ್ಪಿದ ತಂದೆಯಂತೆ ನುಡಿದರು.

ಬೋನಿಗೆ ಬಟ್ಟೆ ಸುತ್ತಿ, ಕೈಚೀಲದಲ್ಲಿಟ್ಟು, ಸುಳ್ಯಕ್ಕೆ ಹೋಗುವ ಬಸ್ಸು ಹತ್ತಿದೆ. ಚೀಲ ಕಿರ್ರ್ ಎಂದಿತು. ಕಂಡಕ್ಟರ್ ಚೀಲವನ್ನೂ ನನ್ನನ್ನೂ ನೋಡಿದರು.

"ಎಂತದು ಒಳಗೆ?"

"ಸಂಶೋಧನೆಯ ಸಾಮಗ್ರಿ. ಕೊಲ್ಲಮೊಗ್ರಿಗೆ."

"ಸಾಮಗ್ರಿ ಕೂಗ್ತದಲ್ಲ ಮಾರಾಯ್ರೆ?"

ನಾನು ಸುಳ್ಳು ಹೇಳುವವಳಲ್ಲ. ಬಟ್ಟೆ ಸರಿಸಿದೆ. ಪಕ್ಕದ ಸೀಟಿನ ಹೆಂಗಸು ಎದ್ದು ಹಿಂದೆ ಹೋದರು. ಅವರ ಹಿಂದಿನವರೂ ಹೋದರು. ಬಸ್ಸಿನ ಮುಂಭಾಗದಲ್ಲಿ ನಾನು ಮತ್ತು ಇಲಿ ಮಾತ್ರ ಉಳಿದೆವು.

"ಕೋಳಿಗೆ ಟಿಕೆಟ್ ಉಂಟು. ಇದಕ್ಕೆ ಎಂತ ಮಾಡುದು ಅಂತ ನಮಗೆ ಹೇಳಿ ಕೊಡ್ಲಿಲ್ಲ," ಎಂದು ಕಂಡಕ್ಟರ್ ತಲೆ ಕೆರೆದರು. "ಅಲ್ಲ, ಒಂದು ಮಾತು ಕೇಳ್ತೇನೆ. ಇಲಿಯನ್ನು ಊರಿಂದ ಆಚೆಗೆ ಬಿಟ್ಟು ಬರುವವರನ್ನು ನೋಡಿದ್ದೇನೆ. ಕೊಲ್ಲಮೊಗ್ರಿಗೆ ಇಲಿ ಕೊಂಡುಹೋಗುವವರನ್ನು ಇವತ್ತೇ ನೋಡಿದ್ದು. ಅಲ್ಲಿ ಇಲ್ವಾ?"

"ಇದೆ. ಆದರೆ ಅವುಗಳ ತಳಿ ಬೇರೆ."

ಕಂಡಕ್ಟರ್ ಹೋಗಿ ಡ್ರೈವರಿನ ಕಿವಿಯಲ್ಲಿ ಏನೋ ಹೇಳುವುದು ಕಂಡಿತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿದರು.

ಕೊಲ್ಲಮೊಗ್ರು ತಲುಪಿ, ಬಾನೆಟ್ಟಿನ ಮುಂದೆ ನಿಂತು, ಮತ್ತೊಮ್ಮೆ ಗಟ್ಟಿಯಾಗಿ ಉದ್ದೇಶವನ್ನು ವಿವರಿಸಿ ("ಮೆಲ್ಲ, ಮೆಲ್ಲ!" ಎಂದು ಅತ್ತೆ ಜಗಲಿಯಿಂದಲೇ ಕೈಸನ್ನೆ ಮಾಡುತ್ತಿದ್ದರು) ಬೋನಿನ ಬಾಗಿಲು ತೆರೆದೆ. ಕುಂಬ್ರದ ಗಂಡು ಮೂಗು ಅಲ್ಲಾಡಿಸಿ, ಸ್ಟಿಯರಿಂಗಿನ ಬುಡದಿಂದ ಡ್ಯಾಶ್‌ಬೋರ್ಡಿನ ಒಳಗೆ ಹೊಕ್ಕಿತು. ನಾವು ಉಸಿರು ಹಿಡಿದು ನಿಂತೆವು.

ಒಳಗೆ ಏನೋ ಬಿದ್ದ ಸದ್ದು. ಏನೋ ಓಡಿದ ಸದ್ದು. ಮತ್ತೆ ಒಂದು ಚೀತ್ಕಾರ. ಆ ಚೀತ್ಕಾರದ ಭಾಷೆ ಕುಂಬ್ರದ್ದೆಂದು ನನಗೆ ಏಕೋ ಅನಿಸಿತು. ಸಾಧು ತಳಿಯ ತಾಯಿ ಅದನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅಟ್ಟುತ್ತಿದ್ದಳು! ಕೊನೆಗೆ ಹೊರಬರುವ ದಾರಿ ತಿಳಿಯದ ಆ ಬಡಪಾಯಿ, ಗಾಬರಿಯಲ್ಲಿ ಬಾಯಿಗೆ ಸಿಕ್ಕಿದ್ದನ್ನು ಕಚ್ಚಿತೆಂದು ಕಾಣುತ್ತದೆ. ಯಾರೂ ಮುಟ್ಟದ ಜೀಪಿನ ಹಾರ್ನ್ ತಾನಾಗಿ ಪೋಂ ಎಂದು ಕೂಗಿತು. ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡಿತು. ಅನಂತರ ಎಲ್ಲವೂ ಶಾಂತ.

"ಹೋದ್ರಾ?" ಎಂದು ಮಾವ ಪಿಸುಗುಟ್ಟಿದರು.

ಅತ್ತೆ ಡಬ್ಬಿ ತೆರೆದು ನೋಡಿದರು. "ಬಾಣಂತಿ ಇದ್ದಾರೆ. ಮರಿಗಳು ಇದ್ದಾವೆ. ನಿಮ್ಮ ಅಳಿಯನೂ ಒಳಗೇ ಎಲ್ಲೋ ಇದ್ದಾನೆ. ಮೊದಲು ಬಾಡಿಗೆಗೆ ಒಂದು ಸಂಸಾರ ಇತ್ತು, ಈಗ ಎರಡು."

ಪರೀಕ್ಷೆಯ ದಿನ ಬಂದೇ ಬಂತು. ಹೊರಡುವ ಮುನ್ನ ಮಾವ ದೀಪ ಹಾಕಿ ನೋಡಿದರು, ಉರಿಯಿತು. ಹಾರ್ನ್ ಒತ್ತಿದರು, ಕೂಗಿತು. ವೈಪರ್ ಆಡಿತು. "ದೇವರು ದೊಡ್ಡವನು," ಎಂದರು ಮಾವ. "ನಾನು ಹೇಳಿರಲಿಲ್ಲವೇ?" ಎಂದೆ ನಾನು. ಪುತ್ತೂರಿನಲ್ಲಿ ಸೀರೆ ನೋಡಲಿಕ್ಕೆ ಉಂಟೆಂದು ಅತ್ತೆಯೂ ಹತ್ತಿದರು. ಕೊಲ್ಲಮೊಗ್ರಿನಿಂದ ಗುತ್ತಿಗಾರು, ಸುಳ್ಯ, ಕುಂಬ್ರ ದಾಟಿ ಪುತ್ತೂರು. ರಸ್ತೆಯ ಹೊಂಡ ಹೊಂಡಕ್ಕೂ ಡ್ಯಾಶ್‌ಬೋರ್ಡಿನೊಳಗೆ ಎರಡು ಮನೆತನಗಳ ವ್ಯಾಜ್ಯ ಮುಂದುವರಿಯುತ್ತಿರುವುದು ಕೇಳುತ್ತಿತ್ತು.

ಅಧಿಕಾರಿ ಮಿತಭಾಷಿ. ಜೀಪಿನ ಮುಂದೆ ನಿಂತು ಕೈಯೆತ್ತಿದರು.

"ಹಾರ್ನ್."

ಮಾವ ಒತ್ತಿದರು. ವೈಪರ್ ಒಮ್ಮೆ ಮೇಲೆದ್ದು, ಅಧಿಕಾರಿಗೆ ನಮಸ್ಕಾರ ಮಾಡಿ, ಮಲಗಿತು.

"ಹಾರ್ನ್ ಹೇಳಿದ್ದು. ಇರ್ಲಿ. ಲೈಟ್ ಹಾಕಿ."

ಮಾವ ಗುಂಡಿ ಎಳೆದರು. ಹಾರ್ನ್ ಕೂಗಿತು! ಕೂಗಿದ್ದು ನಿಲ್ಲಲಿಲ್ಲ. ಸಾಲಿನಲ್ಲಿದ್ದ ಲಾರಿಯವರು, ಆಟೋದವರು ಎಲ್ಲರೂ ಇಳಿದು ಬಂದರು. ಮಾವ ಬೆವರುತ್ತ ಡ್ಯಾಶ್‌ಬೋರ್ಡಿಗೆ ಗುದ್ದಿದರು. ಹಾರ್ನ್ ನಿಂತಿತು, ಡಬ್ಬಿಯ ಮುಚ್ಚಳ ಬಿದ್ದಿತು. ಒಳಗಿಂದ ಸೋಯಾ ಉಂಡೆಯೊಂದು ಉರುಳಿ, ಬಾಗಿಲಿನ ಸಂದಿನಿಂದ ಹೊರಬಿದ್ದು, ಅಧಿಕಾರಿಯ ಬೂಟಿನ ಮುಂದೆ ನಿಂತಿತು. ಅದರ ಹಿಂದೆಯೇ ಸ್ಟಿಯರಿಂಗಿನ ಬುಡದಿಂದ ಒಂದು ಮೂಗು ಹೊರಬಂತು.

"ಇದು ಎಂತದು?" ಎಂದರು ಅಧಿಕಾರಿ.

"ಅವರು, ಸರ್," ಎಂದರು ಮಾವ ಅಭ್ಯಾಸಬಲದಿಂದ.

"ಅವರು ಯಾರು?"

ಮಾವ ಬಿದ್ದ ಮುಚ್ಚಳವನ್ನು ಎತ್ತಿ ಹಾಕತೊಡಗಿದರು. ತಂಗಿಯ ಮಗಳನ್ನು ಕಾಪಾಡಲು ತೀರ್ಮಾನಿಸಿದ್ದ ಸಜ್ಜನ ಅವರು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಅಷ್ಟಕ್ಕೇ ಮುಗಿಯುತ್ತಿತ್ತು. ಊರಿನ ಯಾವ ಜೀಪಿನಲ್ಲಿ ಇಲಿಯಿಲ್ಲ? ಆದರೆ ತಪ್ಪು ಮಾಹಿತಿ ಹರಡುವುದನ್ನು ನೋಡಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ಸರ್, ನಿಖರವಾಗಿ ಹೇಳುವುದಾದರೆ ಇದರೊಳಗೆ ಎರಡು ತಳಿಗಳಿವೆ. ನೀವು ನೋಡುತ್ತಿರುವುದು ಕುಂಬ್ರದ್ದು. ಅದು ಈ ಜೀಪಿನ ಇಲಿಯಲ್ಲ."

"ಮತ್ತೆ?"

"ಅದು ಬಸ್ಸಿನಲ್ಲಿ ಬಂದದ್ದು."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ತಾನಾಗಿ ಬಂತಾ?"

"ಇಲ್ಲ. ನಾನು ತಂದದ್ದು. ಇದರ ಹಿಂದೆ ಒಂದು ವೈಜ್ಞಾನಿಕ ತತ್ತ್ವವಿದೆ..."

ಅವರು ನನ್ನ ತತ್ತ್ವವನ್ನು ಕೇಳಲಿಲ್ಲ. ಮಾವನ ಕಡೆಗೆ ತಿರುಗಿ, ಬಹಳ ಶಾಂತವಾಗಿ ಹೇಳಿದರು: "ಮಕ್ಕಳನ್ನು ಕೂರಿಸುವ ವಾಹನ ಅಲ್ವಾ ಇದು? ನಾಳೆ ಲೈಟ್ ಹಾಕುವಾಗ ಹಾರ್ನ್ ಕೂಗಿ, ಬ್ರೇಕ್ ಲೈಟ್ ಉರಿಯದೆ ಏನಾದ್ರೂ ಆದ್ರೆ, ಇದಕ್ಕೆ ಜವಾಬ್ದಾರರು ಯಾರು?"

ಕಡಬದ ಸಭಾಂಗಣದಲ್ಲಿ ನಾನು ಮೇಜು ಗುದ್ದಿ ಕೇಳಿದ್ದ ಅದೇ ಪ್ರಶ್ನೆ! ಅಲ್ಲಿ ಚಪ್ಪಾಳೆ ಬಿದ್ದಿತ್ತು. ಇಲ್ಲಿ ಬೀಳಲಿಲ್ಲ. ಮಾವ ನೆಲ ನೋಡಿದರು. ಅತ್ತೆ ಆಕಾಶ ನೋಡಿದರು. ಲಾರಿಯವರು, ಆಟೋದವರು ಮತ್ತು ಕುಂಬ್ರದ ಇಲಿ ನನ್ನನ್ನು ನೋಡಿದರು.

"ನಾನು, ಸರ್," ಎಂದೆ. ಮೈಕು ಇಲ್ಲದಾಗ ನನ್ನ ಧ್ವನಿ ಎಷ್ಟು ಸಣ್ಣದೆಂದು ಅಂದೇ ತಿಳಿದದ್ದು.

ಜೀಪು ನಪಾಸಾಯಿತು.

ಪುತ್ತೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿದ ಕೂಡಲೇ ಕುಂಬ್ರದ ಗಂಡು ಒಂದೇ ನೆಗೆತಕ್ಕೆ ಹೊರಬಿದ್ದು, ಪುತ್ತೂರಿನ ಜನಸಂದಣಿಯಲ್ಲಿ ಕಣ್ಮರೆಯಾಯಿತು. ಅದು ಮತ್ತೆ ಸಂಸಾರದ ತಂಟೆಗೆ ಹೋಗಿರಲಾರದು. ಬಾಣಂತಿಯನ್ನು ಮಾತ್ರ ಅತ್ತೆ ಬಿಡಲಿಲ್ಲ. ಗೂಡು ಸಮೇತ ಒಂದು ಬಿಸ್ಕತ್ತಿನ ಡಬ್ಬಿಗಿಳಿಸಿ, ಸೀರೆಯ ಅಂಗಡಿಗೂ ಹೋಗದೆ, ಮಡಿಲಲ್ಲಿಟ್ಟುಕೊಂಡರು. ಜೀಪನ್ನು ಗ್ಯಾರೇಜಿನಲ್ಲಿ ಬಿಟ್ಟು ಬಸ್ಸಿನಲ್ಲಿ ಕುಂಬ್ರಕ್ಕೆ ಬಂದೆವು. ಕಂಡಕ್ಟರ್ ಅದೇ ಮನುಷ್ಯ. ಡಬ್ಬಿ ನೋಡಿ, "ಈ ಸಲ ಅಲ್ಲಿಂದ ಇಲ್ಲಿಗಾ?" ಎಂದಷ್ಟೇ ಕೇಳಿದರು.

ನಮ್ಮ ಮನೆಯ ಅಡಿಕೆ ಕೋಣೆಯಲ್ಲಿ ಕೊಲ್ಲಮೊಗ್ರಿನ ಬಾಣಂತಿಗೆ ಜಾಗವಾಯಿತು. ಆಮೇಲೆ ಜಗಲಿಯಲ್ಲಿ ವಿಚಾರಣೆ ಕೂತಿತು. ವಿಷಯ: ಇವಳು, ಅಂದರೆ ನಾನು, ಹೀಗಾಗಲು ಕಾರಣ ಯಾವ ಮನೆತನ?

"ನಮ್ಮ ಕಡೆಯಲ್ಲಿ ಇಲಿಯನ್ನು ಬಸ್ಸಿನಲ್ಲಿ ಕೊಂಡುಹೋದವರು ಹುಟ್ಲಿಲ್ಲ," ಎಂದರು ಮಾವ.

"ನಮ್ಮ ಕಡೆಯಲ್ಲಿ ಇಲಿಗೆ ಬೇಯಿಸಿ ಹಾಕಿದವರು ಹುಟ್ಲಿಲ್ಲ," ಎಂದರು ಅಪ್ಪ.

"ಬೇಯಿಸ್ಲಿಕ್ಕೆ ಹೇಳಿದ್ದು ನಿಮ್ಮ ಮಗಳೇ!" ಎಂದರು ಅತ್ತೆ.

ಅಮ್ಮ ನಡುವೆ ಬಂದರು. ಹುಟ್ಟಿದ್ದು ಕೊಲ್ಲಮೊಗ್ರಿನಲ್ಲಿ, ಬಾಳುತ್ತಿರುವುದು ಕುಂಬ್ರದಲ್ಲಿ. ನ್ಯಾಯ ಹೇಳಲು ಅವರಿಗಿಂತ ಯೋಗ್ಯರಿಲ್ಲ. "ಮಾತಾಡುದು ಅಪ್ಪನ ಕಡೆಯದ್ದು. ಹಟ ನನ್ನ ಅಣ್ಣನ ಕಡೆಯದ್ದು. ಎರಡೂ ಬೇರೆ ಬೇರೆ ಇದ್ರೆ ತೊಂದರೆ ಇಲ್ಲ. ಇವಳಲ್ಲಿ ಒಟ್ಟಿಗೆ ಕೂತದ್ದೇ ತೊಂದರೆ," ಎಂದರು.

ನಾನು ಬೆಚ್ಚಿಬಿದ್ದೆ. ನನ್ನ ಇಡೀ ಪ್ರಬಂಧವನ್ನು ಅಮ್ಮ ಒಂದು ತೀರ್ಪಿನಲ್ಲಿ ಮುಗಿಸಿದ್ದರು. ಆದರೆ ಪ್ರಯೋಗದ ಪ್ರಾಣಿ ನಾನಾಗಿದ್ದೆ!

"ಇದರಲ್ಲಿ ಓದಿನ ತಪ್ಪು ಇಲ್ಲ ಅಂತ ಕಾಣ್ತದೆ," ಎಂದು ಅತ್ತೆ ಪಕ್ಕದಿಂದ ಚುಚ್ಚಿದರು. "ನನ್ನ ಅಣ್ಣನ ಮಗಳು ಸ್ಮಿತಾ ಕೂಡ ಅದೇ ವಿಜ್ಞಾನ ಓದಿದ್ದು. ಅವಳಿಗೆ ಏನೂ ಆಗ್ಲಿಲ್ಲ. ಸುಖದಲ್ಲಿ ಮಕ್ಕಳಿಗೆ ಪಾಠ ಮಾಡಿಕೊಂಡು ಇದ್ದಾಳೆ."

ಒಂದೇ ಓದು. ಹಿನ್ನೆಲೆ ಬೇರೆ. ಫಲ ಬೇರೆ.

ಮುಂದಿನ ದಿನಗಳಲ್ಲಿ ನಾನು ಕುಂಬ್ರದಲ್ಲಿಯೇ ಇದ್ದೆ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಜೀಪಿನ ಕಥೆ ಏನಾಯಿತೆಂದು ಕೇಳಿದರೆ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟುತ್ತಿದ್ದರು: "ಈಗ ಬೇಡ. ಅವರು ಇಲ್ಲೇ ಇದ್ದಾರೆ. ಹೊರಗೆ ಹೋಗಿ ಮಾತಾಡ್ತೇನೆ."

ಕೊಲ್ಲಮೊಗ್ರಿನ ಬಾಣಂತಿ ಅಡುಗೆಮನೆಗೆ ಬಂದಿದ್ದಾಳೆಂದು ತಿಳಿದು ನಾನು ಬ್ಯಾಟರಿ ಹಿಡಿದು ಅಕ್ಕಿಯ ಡಬ್ಬಿಗಳ ಹಿಂದೆಲ್ಲ ಹುಡುಕಿದೆ. ಯಾರೂ ಇರಲಿಲ್ಲ. ಅಮ್ಮ ಆಗಲೇ ಬಾವಿಕಟ್ಟೆಯ ಆಚೆಗೆ ತಲುಪಿದ್ದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪುತ್ತೂರಿನ ಕಡೆಯಿಂದ ಪೋಂ ಪೋಂ ಎಂದು ಊರೆಲ್ಲ ಕೇಳುವ ಹಾರ್ನ್. ಅಂಗಳಕ್ಕೆ ಓಡಿದೆ. ಮಾವನ ಜೀಪು! ಗಾಜಿನ ಮೂಲೆಯಲ್ಲಿ ಹೊಸ ಎಫ್‌ಸಿಯ ಗುರುತು. ಪಕ್ಕದಲ್ಲಿ ಹೊಸ ಸೀರೆಯ ಪೊಟ್ಟಣ ಹಿಡಿದ ಅತ್ತೆ.

"ಪಾಸಾಯ್ತಾ ಮಾವ? ಇವತ್ತೇ ಪರೀಕ್ಷೆ ಎಂದು ನನಗೆ ಏಕೆ ಹೇಳಲಿಲ್ಲ? ನಿನ್ನೆಯೇ ದಿನ ಗೊತ್ತಾಗಿತ್ತಲ್ಲವೇ? ಅಮ್ಮನಿಗೆ ಗೊತ್ತಿತ್ತಲ್ಲವೇ?"

ಮಾವ ಹಾರ್ನಿನ ಮೇಲಿಂದ ಕೈ ತೆಗೆದು, ಮುಖ ಆಚೆ ತಿರುಗಿಸಿ ಗಂಟಲು ಸರಿಮಾಡಿಕೊಂಡರು.

"ಅಲ್ಲ ಮಗಳೇ... ಅವರ ಕಿವಿಗೆ ಬಿದ್ರೆ ಕೆಲಸ ಕೆಡ್ತದೆ."

ಆಗ ನನಗೆ ಅರ್ಥವಾಯಿತು. ಅಕ್ಕಿ ಡಬ್ಬಿಯ ಹಿಂದೆ ನಾನು ಹುಡುಕುತ್ತಿದ್ದದ್ದು ನನ್ನನ್ನೇ!

ಅತ್ತೆ ಕಿಟಕಿಯಿಂದ ಒಂದು ಪೊಟ್ಟಣ ಚಾಚಿದರು. ಸೋಯಾ ಉಂಡೆಗಳು. "ಮಿಕ್ಕ ಪೊಟ್ಟಣ. ನೀನೇ ತಿನ್ನು. ತಿಂದ್ರೆ ಶಾಂತ ಆಗ್ತದೆ, ಹಟ ಬಿಡ್ತದೆ ಅಂತ ನೀನೇ ಹೇಳಿದ್ದಲ್ವಾ?"

ಅಂದಿನಿಂದ ಮನೆಯಲ್ಲಿ ಎರಡು ಹೊತ್ತೂ ನನಗೆ ಸೋಯಾ ಪಲ್ಯ. ರಜೆ ಮುಗಿಯುವವರೆಗೂ ತಿಂದೆ. ಯಾವ ಪರಿಣಾಮವೂ ಕಾಣಲಿಲ್ಲ. ತಳಿಯಲ್ಲೇ ಏನೋ ತೊಂದರೆ ಇರಬೇಕು!